ಜಲ್ಲಿ ರಸ್ತೆಯ ಮೇಲೊಂದು ಖಾಲಿ ತೋಟಾ

ಭಾನುವಾರ: ಸೇಂಟ್ ಲೂಯಿಸ್‌ನಿಂದ ಎಮಿನೆನ್ಸ್‌ಗೆ

ನನ್ನ ತಮ್ಮ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನೆಲೆಸಿ ಹತ್ತು ವರ್ಷದ ಮೇಲಾಯಿತು. ಅವನೂ ನಾದಿನಿಯೂ ರಜೆ ಹಾಕಿ, ಮಿಸೌರಿ ರಾಜ್ಯದ ದಕ್ಷಿಣಕ್ಕಿರುವ ಓಝಾರ್ಕ್ ಗುಡ್ಡಗಾಡಿಗೆ ನನ್ನನ್ನು ಕರೆದುಕೊಂಡು ಹೊರಟದ್ದು 2025ರ ಈಸ್ಟರ್ ಭಾನುವಾರ. ಹೆದ್ದಾರಿಯ ಓಟದಲ್ಲಿ ಹೇಳುವಂಥದ್ದೇನಿಲ್ಲ. ಕ್ಯೂಬಾ ಎಂಬ ಊರಿನಲ್ಲಿ ಗೋಡೆಗೋಡೆಗೂ ಬರೆದ ಚಿತ್ರಗಳನ್ನು ನೋಡಿಕೊಂಡು, ಅಲ್ಲಿಂದ ದಕ್ಷಿಣಕ್ಕೆ 19ನೇ ರಸ್ತೆ ಹಿಡಿದ ಮೇಲೆ ಕಿಟಕಿಯಿಂದ ಕಣ್ಣು ಕೀಳಲಾಗಲಿಲ್ಲ. ಓಕ್ ಮರಗಳು ಆಗಷ್ಟೇ ಚಿಗುರುತ್ತಿದ್ದವು. ಅವುಗಳ ಬುಡದಲ್ಲಿ ಎಲೆಯೇ ಇಲ್ಲದ ಕೊಂಬೆಗೆ ನೇರಳೆ ಹೂ ಅಂಟಿಸಿಕೊಂಡ ರೆಡ್‌ಬಡ್, ಅದರ ಪಕ್ಕಕ್ಕೆ ಬಿಳಿ ಡಾಗ್‌ವುಡ್. ಗುಡ್ಡಗಳು ಎತ್ತರವಿಲ್ಲ, ಆದರೆ ರಸ್ತೆ ಒಂದು ಕ್ಷಣವೂ ನೆಟ್ಟಗಿರುವುದಿಲ್ಲ. ಹಿಂದಿನ ಸೀಟಿನಲ್ಲಿದ್ದ ನಾದಿನಿಗೆ ಹೊಟ್ಟೆ ತೊಳಸಿ ಎರಡು ಕಡೆ ನಿಲ್ಲಿಸಬೇಕಾಯಿತು.

ಸೇಲಂ ಎಂಬ ಊರು ದಾಟಿದ ಮೇಲೆ ದೊಡ್ಡ ಅಂಗಡಿಗಳಿಲ್ಲ. ಪೆಟ್ರೋಲು, ಹಾಲು, ತರಕಾರಿ ಏನಿದ್ದರೂ ಅಲ್ಲೇ ತುಂಬಿಸಿಕೊಳ್ಳಬೇಕು. ಫೋನಿಗೆ ನಕ್ಷೆಯನ್ನೂ ಅಲ್ಲೇ ಇಳಿಸಿಕೊಳ್ಳುವುದು ಒಳ್ಳೆಯದು, ಮುಂದೆ ಸಿಗ್ನಲ್ ಸಿಕ್ಕರೆ ಪುಣ್ಯ. ಈಸ್ಟರ್ ಆದ್ದರಿಂದ ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು. ನಾದಿನಿ ಬೆಳಿಗ್ಗೆ ಕಲಸಿ ತಂದಿದ್ದ ಚಿತ್ರಾನ್ನವನ್ನು ಪೆಟ್ರೋಲ್ ಬಂಕಿನ ಪಕ್ಕ ಕಾರಲ್ಲೇ ಕೂತು ತಿಂದೆವು. ತಿನ್ನುತ್ತಿರುವಾಗಲೇ ಮಳೆ ಹಿಡಿಯಿತು. ಅದೇ ಬಂಕಿನಲ್ಲಿ ಪಿಕಪ್ ಗಾಡಿಗಳ ಸಾಲು ನಿಂತಿತ್ತು, ಇಳಿದವರೆಲ್ಲ ಎಲೆ ಬಣ್ಣದ ಬಟ್ಟೆ ತೊಟ್ಟವರು. ಮರುದಿನ ಬೆಳಗಿನಿಂದ ಟರ್ಕಿ ಸೀಸನ್, ಅಂದರೆ ಟರ್ಕಿ ಎಂಬ ದೊಡ್ಡ ಕಾಡುಹಕ್ಕಿಯ ಬೇಟೆಯ ಕಾಲ ಎಂದು ತಮ್ಮ ಹೇಳಿದ. ಇಲ್ಲಿ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ.

ಎಮಿನೆನ್ಸ್ ಊರಿನಾಚೆ ನಾವು ಬಾಡಿಗೆಗೆ ಹಿಡಿದದ್ದು ಒಂದು ಮರದ ಮನೆ. ಅದರ ಯಜಮಾನರು ಎಪ್ಪತ್ತು ದಾಟಿದವರು, ಹೆಂಡತಿಯೊಂದಿಗೆ ಪಕ್ಕದ ಮನೆಯಲ್ಲೇ ಇದ್ದಾರೆ. ಬೀಗದ ಕೈ ಕೊಡುವ ಮೊದಲು ಅವರು ನಾದಿನಿಯ ಕೆಂಪು ಜಾಕೆಟ್ಟನ್ನೂ ತಮ್ಮನ ನೀಲಿ ಟೋಪಿಯನ್ನೂ ನೋಡಿದರು. "ಇವೆರಡನ್ನೂ ಪೆಟ್ಟಿಗೆಯೊಳಗೆ ಇಟ್ಟುಬಿಡಿ. ಕಾಡಿನ ದಾರಿಯಲ್ಲಿ ನಡೆಯುವವರಿದ್ದರೆ ಕಿತ್ತಳೆ ಬಣ್ಣ ಹಾಕಿಕೊಳ್ಳಿ" ಎಂದರು. ಬೆದೆಗೆ ಬಂದ ಟರ್ಕಿ ಹುಂಜದ ತಲೆ ಕೆಂಪು, ಬಿಳಿ, ನೀಲಿ ಮೂರೂ ಬಣ್ಣಕ್ಕೆ ತಿರುಗುತ್ತದೆ. ಪೊದೆಯ ಸಂದಿನಲ್ಲಿ ಆ ಬಣ್ಣ ಅಲ್ಲಾಡಿದ್ದು ಕಂಡು ಮನುಷ್ಯರ ಮೇಲೆ ಗುಂಡು ಹಾರಿಸಿದ ಅವಘಡಗಳು ಆಗಿವೆಯಂತೆ. ಆಮೇಲೆ ಇನ್ನೊಂದು ಮಾತು ಹೇಳಿದರು. ಬೇಲಿ ಕಂಬಕ್ಕೋ ಮರಕ್ಕೋ ನೇರಳೆ ಬಣ್ಣದ ಪಟ್ಟೆ ಬಳಿದಿದ್ದರೆ ಅದು ಒಳಗೆ ಕಾಲಿಡಬೇಡಿ ಅಂತ. ಬೋರ್ಡು ಬರೆಯಬೇಕಾಗಿಲ್ಲ, ಮಿಸೌರಿಯ ಕಾನೂನಿನಲ್ಲಿ ಆ ಬಣ್ಣವೇ ಸಾಕು.

ಸಂಜೆ ಸ್ನಾನಕ್ಕೆ ಹೋಗುವಾಗ ಮೂವರೂ ಬಟ್ಟೆ ಕೊಡವಿ ಉಣುಗು ಹುಡುಕಿದೆವು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಗನ ಕಾಯಿಲೆಯ ಭಯದಲ್ಲಿ ಬೆಳೆದ ಮಲೆನಾಡಿನವರಿಗೆ ಅದು ಕೈಗೆ ಬಂದಿರುವ ಅಭ್ಯಾಸ. ಇಲ್ಲಿಯ ಒಂದು ಜಾತಿಯ ಉಣುಗು ಕಚ್ಚಿದರೆ ಕೆಲವರಿಗೆ ದನ, ಹಂದಿಯ ಮಾಂಸವೇ ಮೈಗೆ ಒಗ್ಗದಂತಾಗುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡೇ ಓಡಾಡಿ.

ಸೋಮವಾರ: ಕತ್ತಲಲ್ಲಿ ಕೇಳಿದ ಕೂಗು

ಬೆಳಗಿನ ಜಾವ ನಾಲ್ಕೂವರೆಗೆ ಯಜಮಾನರ ಮನೆಯ ದೀಪ ಹತ್ತಿತು. ನನಗೂ ನಿದ್ದೆ ಬರಲಿಲ್ಲ. ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದೆ. ಮಳೆ ನಿಂತು ಮರಗಳು ತೊಟ್ಟಿಕ್ಕುತ್ತಿದ್ದವು. ವಿಪ್-ಪೂರ್-ವಿಲ್ ಎಂಬ ಇರುಳುಹಕ್ಕಿ ಒಂದೇ ಸಮನೆ ಕೂಗಿ ಕೂಗಿ ನಿಲ್ಲಿಸಿತು. ಯಜಮಾನರು ಅಂಗಳದಂಚಿಗೆ ಬಂದು, ಅಂಗೈಯನ್ನು ಬಾಯಿಗೆ ಕವುಚಿ, ಗೂಬೆಯ ಹಾಗೆ ಕೂಗಿದರು. ಮರುಕ್ಷಣವೇ ಹೊಳೆಯಾಚೆಯ ಮರದ ಮೇಲಿನಿಂದ ಗಳಗಳಗಳ ಎಂದು ಉತ್ತರ ಬಂತು. ಇನ್ನೊಂದು, ಅದರಾಚೆ ಮತ್ತೊಂದು. ಗೂಬೆ ಕೂಗಿದರೆ ಮಲಗಿದ ಟರ್ಕಿ ಹುಂಜ ತಡೆಯಲಾರದೆ ಕೂಗಿಬಿಡುತ್ತದೆ, ಎಲ್ಲಿದೆ ಎಂದು ಆಗ ಗೊತ್ತಾಗುತ್ತದೆ. ನನಗೆ ಮೈ ಜುಮ್ಮೆಂದಿತು. ಯಜಮಾನರು ನನ್ನ ಕಡೆ ತಿರುಗಿ ನಾಲ್ಕು ಬೆರಳೆತ್ತಿದರು. ನಾನು ಕೇಳಿಸಿಕೊಂಡದ್ದು ಮೂರೇ, ಅವರ ಕಿವಿಗೆ ನಾಲ್ಕು. ಕೋವಿ ಹೆಗಲಿಗೇರಿಸಿ ಕತ್ತಲೊಳಗೆ ನಡೆದರು.

ನಮ್ಮಪ್ಪನೂ ಹೀಗೇ ಮರಸು ಕೂರಲು ಹೋಗುತ್ತಿದ್ದರಂತೆ. ನಾನು ಹುಟ್ಟುವ ಮೊದಲಿನ ಮಾತು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮನೆಯ ಕೋವಿ ಬೆಳೆ ಕಾಯಲಿಕ್ಕೆ ಮಾತ್ರ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರಲಿಕ್ಕೆ ಮಾತ್ರ. ಶಿಕಾರಿ ನನಗೆ ಇಷ್ಟದ ವಿಷಯವಲ್ಲ. ಆದರೂ ಯಜಮಾನರನ್ನು ಕಂಡು ಅಸಹ್ಯವಾಗಲಿಲ್ಲ, ಅದನ್ನು ಬರೆದೇಬಿಡುತ್ತೇನೆ. ಮರದ ಬುಡಕ್ಕೆ ಬೆನ್ನು ಕೊಟ್ಟು, ಹೇಂಟೆಯ ದನಿ ತೆಗೆದು, ಹುಂಜ ತಾನಾಗಿ ನಲವತ್ತು ಹೆಜ್ಜೆಯೊಳಗೆ ಬರುವ ತನಕ ಕಾಯಬೇಕು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಉಳಿಯುವ ತನಕ ಈಡು ಹೊಡೆಯುವ ಹಾಗಿಲ್ಲ. ಸರ್ಕಾರಿ ಜಾಗದಲ್ಲಾದರೆ ಮಧ್ಯಾಹ್ನ ಒಂದಕ್ಕೆ ಮುಗಿಸಬೇಕು, ಖಾಸಗಿ ಜಮೀನಿನಲ್ಲಿ ಸಂಜೆಯ ತನಕ ಬಿಡುವು. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಕಾಳು ಚೆಲ್ಲಿ ಕರೆಯುವಂತಿಲ್ಲ, ಚೆಲ್ಲಿದ ಕಾಳು ಪೂರ್ತಿ ತೆಗೆದ ಮೇಲೂ ಹತ್ತು ದಿನ ಅಲ್ಲಿ ಹೊಡೆಯುವಂತಿಲ್ಲ. ಮೊದಲ ವಾರಕ್ಕೆ ಒಂದು, ಇಡೀ ಸೀಸನ್ನಿಗೆ ಎರಡು, ಅದೂ ಹುಂಜ, ಇಲ್ಲವೇ ಎದೆಯ ಮೇಲೆ ಗಡ್ಡದಂಥ ಕೂದಲ ಜುಂಗು ಇರುವ ಹಕ್ಕಿ ಮಾತ್ರ. ಹೊಡೆದ ದಿನವೇ ರಾತ್ರಿ ಹತ್ತರೊಳಗೆ ರಾಜ್ಯದ ಸಂರಕ್ಷಣಾ ಇಲಾಖೆಗೆ ವರದಿ ಮಾಡಬೇಕು. ಇಷ್ಟು ಕಟ್ಟುಪಾಡನ್ನು ಎಪ್ಪತ್ತು ದಾಟಿದ ಮನುಷ್ಯ, ಯಾರೂ ನೋಡುವವರಿಲ್ಲದ ಕಾಡಿನಲ್ಲಿ, ತಾನೇ ಪಾಲಿಸುತ್ತಾನೆ.

ಒಂಬತ್ತರ ಹೊತ್ತಿಗೆ ಅವರು ಬರಿಗೈಯಲ್ಲಿ ಬಂದರು. ಹುಂಜ ಬರುತ್ತಿತ್ತು, ನಿಜವಾದ ಹೇಂಟೆಯೇ ಅಡ್ಡ ಬಂದು ಕರೆದುಕೊಂಡು ಹೋಯಿತು ಎಂದು ಖುಷಿಯಿಂದಲೇ ಹೇಳಿದರು. ಅವರ ಹೆಂಡತಿ ನಮ್ಮನ್ನೂ ತಿಂಡಿಗೆ ಕರೆದರು. ಬಿಸಿ ಬಿಸ್ಕಿಟ್ ಎಂದರೆ ನಮ್ಮ ಬನ್ನಿನ ಜಾತಿಯದು, ಅದರ ಮೇಲೆ ಬಿಳಿ ಗ್ರೇವಿ. ಜೊತೆಗೆ ಹಿಂದಿನ ದಿನ ಹೊಳೆಬದಿಯಲ್ಲಿ ಕಿತ್ತ ಮೊರೆಲ್ ಅಣಬೆಯನ್ನು ಬೆಣ್ಣೆಯಲ್ಲಿ ಹುರಿದಿದ್ದರು. ಜೇನುಗೂಡಿನ ಹಾಗೆ ತೂತುತೂತಾದ ಅಣಬೆ, ರುಚಿ ಮಾತ್ರ ನಮ್ಮ ಹೆಗ್ಗಾಲಣಬೆಗೆ ಸರಿಸಮ. ನಾನು ಅದನ್ನೇ ಎರಡು ಸಲ ಹಾಕಿಸಿಕೊಂಡೆ.

ಉಣ್ಣುತ್ತಾ ಯಜಮಾನರು ಹೇಳಿದ ಕತೆ ಇದು. ಅವರ ತಂದೆ ಈ ಕಣಿವೆಯಲ್ಲೇ ಹುಟ್ಟಿ, ಒಂದು ಕಾಡು ಟರ್ಕಿಯನ್ನೂ ನೋಡದೆ ದೊಡ್ಡವರಾದರಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗ್ರಾಂಡಿನ್ ಎಂಬಲ್ಲಿ ದೇಶದಲ್ಲೇ ದೊಡ್ಡದೆನ್ನುವಂಥ ಮರದ ಮಿಲ್ಲು ಕೂತು, ಓಝಾರ್ಕಿನ ಪೈನ್ ಕಾಡನ್ನು ಬೋಳಿಸಿತು. ಉಳಿದ ನೆಲಕ್ಕೆ ಪ್ರತಿವರ್ಷ ಬೆಂಕಿ ಹಾಕಿ ಹಂದಿ, ದನ ಬಿಟ್ಟರು. ಸಿಕ್ಕ ಹಕ್ಕಿಯನ್ನು ವರ್ಷವಿಡೀ ಹೊಡೆದರು. 1950ರ ಆಸುಪಾಸಿಗೆ ಇಡೀ ಮಿಸೌರಿಯಲ್ಲಿ ಉಳಿದದ್ದು ಎರಡೂವರೆ ಸಾವಿರಕ್ಕೂ ಕಡಿಮೆ. ಮೊದಲಿಗೆ ಇಲಾಖೆ ಫಾರಮ್ಮಿನಲ್ಲಿ ಸಾಕಿದ ಟರ್ಕಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಾಡಿಗೆ ಬಿಟ್ಟಿತು. ಅವು ಬದುಕಲಿಲ್ಲ. ಸಾಕಿದ ರಕ್ತ ಬೆರೆತ ಹಕ್ಕಿಗೆ ಕಾಡಿನ ಎಚ್ಚರ ಇರುವುದಿಲ್ಲವೆಂದು ಇಲ್ಲೇ ಅಧ್ಯಯನ ಮಾಡಿದ ಸ್ಟಾರ್ಕರ್ ಲಿಯೋಪಾಲ್ಡ್ 1944ರಲ್ಲಿ ಬರೆದರು. ಆಮೇಲೆ ದಾರಿ ಬದಲಾಯಿತು. 1945ರಲ್ಲಿ ಇಲಾಖೆ ಪೆಕ್ ರಾಂಚ್ ಎಂಬ ಕಾಡುಭೂಮಿಯನ್ನು ಕೊಂಡು, ಅಳಿದುಳಿದ ಕಾಡು ಟರ್ಕಿಗಳನ್ನು ಅಲ್ಲಿ ಕಾಪಾಡಿತು. 1950ರ ದಶಕದಲ್ಲಿ ಅವನ್ನೇ ಬಲೆ ಹಾರಿಸಿ ಹಿಡಿದು, ಪೆಟ್ಟಿಗೆಯಲ್ಲಿಟ್ಟು, ಬೇರೆ ಬೇರೆ ಜಿಲ್ಲೆಗಳಿಗೆ ಸಾಗಿಸಿ ಬಿಡತೊಡಗಿತು. 1960ರಲ್ಲಿ ಮತ್ತೆ ಬೇಟೆಗೆ ಅವಕಾಶ ಕೊಟ್ಟಾಗ ಸೀಸನ್ನು ಮೂರೇ ದಿನ, ಬಿದ್ದದ್ದು 94 ಹಕ್ಕಿ. 2004ರ ವಸಂತದಲ್ಲಿ ಆ ಲೆಕ್ಕ 60 ಸಾವಿರ ದಾಟಿತ್ತು. ಅಲ್ಲಿಂದೀಚೆಗೆ ಇಳಿದಿದೆ.

"ಆ ಹಕ್ಕಿ ತಾನಾಗಿ ಬಂದದ್ದಲ್ಲ. ಈ ಊರಿನವರು ಇಪ್ಪತ್ತು ವರ್ಷ ಕೋವಿ ಕೆಳಗಿಟ್ಟಿದ್ದಕ್ಕೆ ಬಂದದ್ದು" ಎಂದರು ಯಜಮಾನರು.

ಮಧ್ಯಾಹ್ನ ಆಲೀ ಸ್ಪ್ರಿಂಗ್ ನೋಡಲು ಹೋದೆವು. 1894ರ ಕೆಂಪು ಬಣ್ಣದ ಹಿಟ್ಟಿನ ಗಿರಣಿ, ಅದರ ಬುಡದಲ್ಲಿ ನೆಲದಿಂದ ಉಕ್ಕುವ ಹಸಿರು-ನೀಲಿ ನೀರು. ಜನ ಚಿತ್ರ ತೆಗೆಯುವುದು ಗಿರಣಿಯದು. ಅದರ ಹಿಂದೆ ಬುಗ್ಗೆಯನ್ನು ಸುತ್ತಿ ಬರುವ ಕಾಲುದಾರಿ ಅದಕ್ಕಿಂತ ಚೆನ್ನ, ಬಂಡೆಯ ಮೈಮೇಲೆ ಜರಿಗಿಡ ತುಂಬಿಕೊಂಡಿದೆ. ಬರುವಾಗ ಹೊಳೆ ದಾಟುವ ಒಂದು ಕಡೆ ಕಾಂಕ್ರೀಟು ಹಾಸಿನ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಇಲ್ಲಿಯ ಹಳ್ಳಿ ರಸ್ತೆಗಳಲ್ಲಿ ಎಷ್ಟೋ ಕಡೆ ಸೇತುವೆ ಇರುವುದಿಲ್ಲ, ಹೊಳೆಯ ತಳಕ್ಕೇ ಕಾಂಕ್ರೀಟು ಹಾಸಿರುತ್ತಾರೆ. ತಮ್ಮ ಇಳಿದು ನೋಡಿ, ಮಾತಾಡದೆ ಕಾರು ತಿರುಗಿಸಿದ. ಸುತ್ತಿ ಬರಲು ಮುಕ್ಕಾಲು ಗಂಟೆ ಹೆಚ್ಚು ಹಿಡಿಯಿತು. ಮಳೆ ಬಂದ ಮರುದಿನ ಅಲ್ಲಿ ಹೋಗುವವರು ಆ ಮುಕ್ಕಾಲು ಗಂಟೆಯನ್ನು ಮೊದಲೇ ಲೆಕ್ಕಕ್ಕಿಟ್ಟುಕೊಳ್ಳಿ.

ಮಂಗಳವಾರ: ಬೇಲಿಯ ಹತ್ತಿರದ ಪುಕ್ಕ

ಬಿಸಿಲು ಬಿತ್ತು. ರಾಕಿ ಫಾಲ್ಸ್ ಎಂಬ ಸಣ್ಣ ಜಲಪಾತ ನೋಡಿ, ಅಲ್ಲಿಂದ ಹಳ್ಳಿಗಳ ಜಲ್ಲಿ ರಸ್ತೆ ಹಿಡಿದು ವಿನೋನಾ ಕಡೆ ಹೊರಟಿದ್ದೆವು. ಎದುರು ಬಂದ ಗಾಡಿಯವರೆಲ್ಲ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಿದ್ದರು. ಇಲ್ಲಿಯ ಕ್ರಮವೇ ಅದು. ತಮ್ಮನೂ ಎತ್ತುತ್ತಿದ್ದ. ಮಳೆ ಬಿಟ್ಟ ಮೇಲೆ ಟರ್ಕಿಗಳು ಒದ್ದೆ ಕಾಡಿನಿಂದ ಬಯಲಿಗೆ ಬಂದು ಮೈ ಒಣಗಿಸಿಕೊಳ್ಳುತ್ತವೆ ಎಂದು ಯಜಮಾನರು ಹೇಳಿದ್ದರಿಂದ ನಾನು ದುರ್ಬೀನು ಹಿಡಿದೇ ಕೂತಿದ್ದೆ. ಒಂದು ಹುಲ್ಲುಗಾವಲಿನಲ್ಲಿ ಹುಂಜವೊಂದು ಬಾಲ ಬಿಚ್ಚಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತಾ ತಿರುಗುತ್ತಿತ್ತು. ಬಿಸಿಲಿಗೆ ಮೈ ತಾಮ್ರದ ಬಣ್ಣಕ್ಕೆ ಹೊಳೆಯುತ್ತಿತ್ತು. ಹೇಂಟೆಗಳು ಅದನ್ನು ಲಕ್ಷ್ಯವೇ ಇಲ್ಲದ ಹಾಗೆ ಮೇಯುತ್ತಿದ್ದವು. ಕಾರು ನಿಲ್ಲಿಸಿ ಬಹಳ ಹೊತ್ತು ನೋಡಿದೆವು.

ಅಲ್ಲಿಂದ ಸ್ವಲ್ಪ ಮುಂದೆ ಟಯರು ಕೂತಿತು. ಈ ಜಲ್ಲಿಯಲ್ಲಿ ಚಕಮಕಿ ಕಲ್ಲಿನ ಚೂರುಗಳಿರುತ್ತವೆ, ಚೂಪು ಬಹಳ. ತಮ್ಮ ಜಾಕಿ ಏರಿಸಿ ಸ್ಟೆಪ್ನಿ ಹಾಕುತ್ತಿದ್ದ. ಆಗ ನಾವು ಬಂದ ದಿಕ್ಕಿನಿಂದ ಒಂದು ಪಿಕಪ್ ಬಂತು. ಬೂದು ಬಣ್ಣ, ಹಿಂದಿನ ಬಲಗಡೆಯ ದೀಪ ಒಡೆದಿತ್ತು. ನಡೆಯುವ ವೇಗದಲ್ಲಿ ಬಂದದ್ದು, ಎರಡೂ ಕಿಟಕಿ ಇಳಿಸಿದ್ದರು. ಒಳಗಿದ್ದ ಇಬ್ಬರೂ ಹುಲ್ಲುಗಾವಲಿನ ಕಡೆಯೇ ನೋಡುತ್ತಿದ್ದರು. ಟಯರು ಬಿಚ್ಚಿ ಕೂತವರನ್ನು ಕಂಡು ಇಲ್ಲಿ ಯಾರೂ ನಿಲ್ಲಿಸದೆ ಹೋಗುವುದಿಲ್ಲ. ಇವರು ನಿಲ್ಲಿಸಲಿಲ್ಲ, ಬೆರಳೂ ಎತ್ತಲಿಲ್ಲ. ತಿರುವಿನಾಚೆ ಮರೆಯಾದರು.

ನಿಧಾನ ಹೋಗುವುದೇ ತಪ್ಪು ಅನ್ನುವ ಹಾಗಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕೂಗಿ ನೋಡುವುದು, ದುರ್ಬೀನಿನಲ್ಲಿ ಹುಡುಕುವುದು ಎಲ್ಲ ಬೇಟೆಗಾರರೂ ಮಾಡುವುದೇ, ಕಾನೂನಿನ ಅಡ್ಡಿಯಿಲ್ಲ. ಸ್ವಲ್ಪ ಮೊದಲು ನಾವು ಮಾಡಿದ್ದೂ ಅದನ್ನೇ. ಗಾಡಿಯಿಂದಾಗಲಿ, ಸಾರ್ವಜನಿಕ ರಸ್ತೆಯ ಮೇಲೆ ನಿಂತಾಗಲಿ, ರಸ್ತೆ ದಾಟುವ ಹಾಗಾಗಲಿ ಗುಂಡು ಹಾರಿಸುವುದು ಅಪರಾಧ.

ನಟ್ಟು ಬಿಗಿಯುತ್ತಿದ್ದಾಗ ಈಡು ಕೇಳಿಸಿತು. ಒಂದೇ. ತಿರುವಿನಾಚೆಯಿಂದ, ಬಹಳ ಹತ್ತಿರ. ಆಮೇಲೆ ಬಾಗಿಲು ಬಡಿದ ಸದ್ದು, ಸ್ವಲ್ಪ ಬಿಟ್ಟು ಮತ್ತೊಮ್ಮೆ ಬಾಗಿಲು, ಜಲ್ಲಿ ಸಿಡಿಸಿಕೊಂಡು ಗಾಡಿ ಹೊರಟ ಸದ್ದು.

ತಿರುವು ದಾಟಿ ನೋಡಿದರೆ ರಸ್ತೆ ಖಾಲಿ. ಒದ್ದೆ ಜಲ್ಲಿಯಲ್ಲಿ ಗಾಡಿ ನಿಂತು ತಟ್ಟನೆ ಎತ್ತಿಕೊಂಡು ಹೋದ ಗುರುತು. ರಸ್ತೆಯ ನಟ್ಟನಡುವೆ ಕೆಂಪು ಪ್ಲಾಸ್ಟಿಕ್ಕಿನ ಖಾಲಿ ತೋಟಾ, ಬಗ್ಗಿದರೆ ಮದ್ದಿನ ವಾಸನೆ ಇನ್ನೂ ಹಸಿಯಾಗಿತ್ತು. ಪಕ್ಕದ ಬೇಲಿಯ ಕಂಬಗಳಿಗೆ ನೇರಳೆ ಪಟ್ಟೆ. ಬೇಲಿಯಾಚೆ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಹುಲ್ಲು ಮಲಗಿತ್ತು, ಅಲ್ಲಿಂದ ಬೇಲಿಯ ತನಕ ಪುಕ್ಕ ಉದುರಿದ್ದವು. ಒಂದೆರಡು ತಂತಿಗೆ ಸಿಕ್ಕಿಕೊಂಡಿದ್ದವು. ಎದೆಯ ಪುಕ್ಕಗಳು, ತುದಿ ಗೋಧಿ ಬಣ್ಣ.

ನಾದಿನಿ ತೋಟಾ ಎತ್ತಲು ಬಗ್ಗಿದಳು. "ಮುಟ್ಟಬೇಡ" ಎಂದೆ. ಕಾರಿನ ಕೀಲಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದಳು, ತೋಟಾದ್ದು, ಗಾಲಿಯ ಗುರುತಿನದು, ಪುಕ್ಕದ್ದು. ಹೊತ್ತು ಬರೆದುಕೊಂಡೆವು. ಗಾಡಿಯ ನಂಬರಿನಲ್ಲಿ ಕೊನೆಯ ಎರಡು ಅಕ್ಷರ ನನಗೆ ನೆನಪಿತ್ತು, ತಮ್ಮನಿಗೂ ಅವೇ ಎರಡು.

ತಮ್ಮ ಕಾರಿಗೆ ಒರಗಿ ಸುಮ್ಮನೆ ನಿಂತಿದ್ದ. "ಅಕ್ಕಾ, ನಾವು ಹೊರಗಿನವರು. ಕೋವಿ ಇಟ್ಟುಕೊಂಡವರ ತಂಟೆ ನಮಗ್ಯಾಕೆ? ನೀನು ಊರಿಗೆ ಹೋಗ್ತೀಯ, ಈ ರಾಜ್ಯದಲ್ಲಿ ಬದುಕಬೇಕಾದವನು ನಾನು" ಎಂದ. ಅವನ ಮಾತನ್ನು ತಳ್ಳಿಹಾಕಲಾಗಲಿಲ್ಲ. ನಾನು ಹೇಳಿದ್ದಿಷ್ಟು: ನಮ್ಮೂರಲ್ಲಿ ರಾತ್ರಿ ಜೀಪಿನ ಲೈಟು ಬಿಟ್ಟುಕೊಂಡು ಕಾಡುಕುರಿ, ಮೊಲ, ಬರ್ಕ ಹೊಡೆಯುತ್ತಿದ್ದವರು ಯಾರೆಂದು ಇಡೀ ಊರಿಗೆ ಗೊತ್ತಿತ್ತು. ಬ್ಯಾಟರಿ ಶಿಕಾರಿ ಎಂದು ಹೆಸರು ಬೇರೆ. ಒಬ್ಬರೂ ಬಾಯಿ ಬಿಡಲಿಲ್ಲ, ಒಂದೊಂದೇ ಗುಡ್ಡ ಬರಿದಾಯಿತು. ಅವನಿಗೂ ಗೊತ್ತಿದ್ದ ವಿಷಯವೇ. ನಾದಿನಿ ಫೋನು ತೆಗೆದು, "ಇಲ್ಲಿ ಸಿಗ್ನಲ್ ಇಲ್ಲ ಅತ್ತಿಗೆ, ದಿಣ್ಣೆಯ ಮೇಲೆ ಹೋಗಿ ನೋಡೋಣ, ನಡೀರಿ" ಎಂದಳು.

ಮಿಸೌರಿಯಲ್ಲಿ ಕಳ್ಳಬೇಟೆಯ ದೂರು ಹೇಳಲು ಆಪರೇಶನ್ ಗೇಮ್ ಥೀಫ್ ಎಂಬ ದೂರವಾಣಿ ಸೇವೆ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಹೆಸರು ಹೇಳಬೇಕೆಂದಿಲ್ಲ. ದಿಣ್ಣೆಯ ಮೇಲೆ ಎರಡು ಗೀಟು ಸಿಗ್ನಲ್ ಬಂದಾಗ ತಮ್ಮನೇ ಕೈ ಚಾಚಿ ಫೋನು ತೆಗೆದುಕೊಂಡ. ಎಲ್ಲಿ, ಎಷ್ಟು ಹೊತ್ತಿಗೆ, ಗಾಡಿಯ ಬಣ್ಣ, ಹೋದ ದಿಕ್ಕು ಎಲ್ಲವನ್ನೂ ಹೇಳಿದ. ಅಲ್ಲೇ ಇರುತ್ತೀರಾ ಎಂದು ಕೇಳಿದರು. ಇರುತ್ತೇವೆ ಎಂದ.

ಬಂದವರು ಕನ್ಸರ್ವೇಶನ್ ಏಜೆಂಟ್, ಬೇಟೆಯ ಕಾನೂನು ನೋಡಿಕೊಳ್ಳುವ ಇಲಾಖೆಯ ಅಧಿಕಾರಿ, ಮೂವತ್ತರ ಆಚೀಚೆಯ ಹೆಣ್ಣುಮಗಳು. ಈ ಜಾಗ ಸೇರಿದ ಶಾನನ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಸಾವಿರ ಚದರ ಮೈಲಿಯ ಕಾಡು ಗುಡ್ಡ, ಏಳು ಸಾವಿರದಷ್ಟು ಜನ. ಅಷ್ಟಕ್ಕೂ ಕೈಬೆರಳಲ್ಲಿ ಎಣಿಸುವಷ್ಟೂ ಏಜೆಂಟರಿಲ್ಲ. ಸೀಸನ್ನಿನ ಎರಡನೆಯ ದಿನ, ಆಕೆಯ ಕಣ್ಣು ಕೆಂಪಾಗಿದ್ದವು. ತೋಟಾವನ್ನು ಚೀಲಕ್ಕೆ ಹಾಕಿ, ಗಾಲಿಯ ಗುರುತು ಅಳೆದು, ಪುಕ್ಕವೊಂದನ್ನು ಬೆಳಕಿಗೆ ಹಿಡಿದು ನಮಗೆ ತೋರಿಸಿದರು. ಹುಂಜದ ಎದೆಯ ಪುಕ್ಕಕ್ಕೆ ತುದಿ ಕಪ್ಪು. ತಿಳಿಕಂದು ತುದಿಯಿದ್ದರೆ ಹೇಂಟೆ. ಗಡ್ಡವಿಲ್ಲದ ಹೇಂಟೆಯನ್ನು ವಸಂತದಲ್ಲಿ ಯಾರೂ ಹೊಡೆಯುವಂತಿಲ್ಲ. ಈ ಹೊತ್ತಿಗೆ ಎಲ್ಲೋ ಪೊದೆಯ ಬುಡದಲ್ಲಿ ಮೊಟ್ಟೆಯಿಡುವ ಕಾಲ, ಒಟ್ಟು ಹತ್ತು ಹನ್ನೆರಡು ಇಡುತ್ತದೆ, ಇಪ್ಪತ್ತೆಂಟು ದಿನ ಕಾವು ಕೂರುವುದು ತಾಯಿ ಒಂದೇ, ಹುಂಜ ತಿರುಗಿಯೂ ನೋಡುವುದಿಲ್ಲ. ಆಕೆ ಪುಕ್ಕವನ್ನು ಇನ್ನೊಂದು ಚೀಲಕ್ಕೆ ಹಾಕಿ ಮೊಹರು ಒತ್ತಿದರು.

"ಬೆನ್ನು ಹತ್ತಿ ಹೋಗದೆ ಇದ್ದದ್ದು ಒಳ್ಳೆಯದಾಯಿತು. ಮಾತಿಗೂ ಹೋಗಬಾರದು. ನಂಬರು, ಬಣ್ಣ, ಹೊತ್ತು, ದಿಕ್ಕು ಇಷ್ಟು ಸಾಕು ನಮಗೆ" ಎಂದರು. ರಸ್ತೆಯಿಂದ ಹೊಡೆಯುವವರನ್ನು ಹಿಡಿಯಲು ಕೆಲವೊಮ್ಮೆ ಹೊಲದಲ್ಲಿ ಬೊಂಬೆ ಹಕ್ಕಿಯನ್ನೋ ಜಿಂಕೆಯನ್ನೋ ನಿಲ್ಲಿಸಿ ತಾವು ಪೊದೆಯಲ್ಲಿ ಕೂರುವುದೂ ಉಂಟಂತೆ. ಸಾಬೀತಾದರೆ ದಂಡದ ಜೊತೆಗೆ ಒಂದು ಟರ್ಕಿಗೆ 375ರಿಂದ 750 ಡಾಲರ್ ಪರಿಹಾರ ಕಟ್ಟಿಸಬಹುದು. ಬೇಟೆಯ ಪರವಾನಗಿ ಹೋದರೆ, ಒಪ್ಪಂದದಲ್ಲಿರುವ ಬೇರೆ ರಾಜ್ಯಗಳಲ್ಲೂ ಹೋದಂತೆ. ಸಾಬೀತಾಗುವುದೇ ಕಷ್ಟ. ಗಾಡಿ ಕಂಡಿರುತ್ತದೆ, ಈಡು ಕೇಳಿರುತ್ತದೆ, ಎರಡನ್ನೂ ಒಟ್ಟಿಗೆ ಕಂಡವರು ಇರುವುದಿಲ್ಲ.

ಸಂಜೆ ಇದನ್ನೆಲ್ಲ ಯಜಮಾನರಿಗೆ ಹೇಳಿದೆವು. ಅವರು ಎದ್ದು ಹೋಗಿ ಕೊಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಹೇಂಟೆಯನ್ನು ತಂದು ಮೇಜಿನ ಮೇಲಿಟ್ಟರು. ಹುಂಜವನ್ನು ಸೆಳೆಯಲು ಇಡುವ ಬೊಂಬೆ. ಅದರ ಮೈತುಂಬ ಚರೆ ಹೊಕ್ಕ ತೂತುಗಳು. ಹೋದ ವರ್ಷ ತಮ್ಮದೇ ಹೊಲದಲ್ಲಿ ಇದನ್ನಿಟ್ಟು ಹಿಂದೆ ಮರದ ಬುಡದಲ್ಲಿ ಕೂತಿದ್ದಾಗ, ರಸ್ತೆಯಲ್ಲಿ ಗಾಡಿ ನಿಂತ ಸದ್ದಾಯಿತಂತೆ. ಎಲೆ ಬಣ್ಣದ ಬಟ್ಟೆಯಲ್ಲಿ ಕೂತವರು ರಸ್ತೆಗೆ ಕಾಣುವುದೇ ಇಲ್ಲ. ಬೊಂಬೆ ಬಿದ್ದಿತು, ಚರೆ ಅವರ ತಲೆಯ ಮೇಲಿನ ತೊಗಟೆಯನ್ನು ಕಿತ್ತಿತು. ಕೂಗಿದ ಕೂಡಲೇ ಗಾಡಿ ಓಡಿಹೋಯಿತು.

"ಆಗ ದೂರು ಕೊಟ್ಟಿರಾ?" ಎಂದು ಕೇಳಿದೆ.

ಉತ್ತರ ಹೇಳಿದ್ದು ಅವರ ಹೆಂಡತಿ. "ಯಾರ ಗಾಡಿ ಅಂತ ನಮಗೆ ಅನುಮಾನ ಇತ್ತು. ಆ ಹುಡುಗನ ತಾಯಿ ನನ್ನ ಜೊತೆ ಚರ್ಚಿನಲ್ಲಿ ಹಾಡುತ್ತಾಳೆ. ಬೇಡ ಅಂತ ನಾನೇ ತಡೆದೆ." ಆಕೆ ಬೊಂಬೆಯ ತೂತುಗಳ ಮೇಲೆ ಕೈಯಾಡಿಸುತ್ತಾ, ನೀವು ಕಂಡ ಗಾಡಿಯ ಬಣ್ಣ ಯಾವುದು ಎಂದು ಕೇಳಿದರು. ಹೇಳಿದೆ. ಹಿಂದಿನ ದೀಪ ಒಡೆದದ್ದನ್ನೂ ಹೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಊಟವಾದ ಮೇಲೆ ಯಜಮಾನರು ಏಜೆಂಟಿಗೆ ಫೋನು ಮಾಡಿದರು. ಬೊಂಬೆಯನ್ನು ಬಂದು ತೆಗೆದುಕೊಂಡು ಹೋಗಿ ಎಂದು ಹೇಳುವುದು ಗೋಡೆಯಾಚೆಯಿಂದ ನಮಗೆ ಕೇಳಿಸಿತು.

ಬುಧವಾರ: ಪೆಕ್ ರಾಂಚ್ ಅಂಚು, ಬಿಗ್ ಸ್ಪ್ರಿಂಗ್

ಟಯರು ಅಂಗಡಿಯಲ್ಲೇ ಬೆಳಗು ಕಳೆಯಿತು. ಅಲ್ಲಿ ಕೂತಿದ್ದ ಒಬ್ಬರು ವಿಷಯ ಕೇಳಿ, "ಅವರು ತಿನ್ನಲಿಕ್ಕೆ ಹೊಡೆಯುವವರು, ಬಡವರು" ಎಂದರು. ಇನ್ನೊಬ್ಬರು ಪತ್ರಿಕೆಯಿಂದ ತಲೆಯೆತ್ತದೆ, "ಅಷ್ಟು ದೊಡ್ಡ ಗಾಡಿಗೆ ಪೆಟ್ರೋಲು ಹಾಕಿಸುವವರು ಎಂಥ ಬಡವರು?" ಎಂದರು. ಹಸಿದವನು ಹಕ್ಕಿ ಹಿಡಿದರೆ ನಾನು ಕಲ್ಲೆಸೆಯಲಾರೆ. ಪರವಾನಗಿ ಕೊಂಡು ನ್ಯಾಯವಾಗಿ ಕಾಡಿಗಿಳಿದು ಹೊಡೆಯಲು ಇಲ್ಲಿ ಯಾರಿಗೂ ಅಡ್ಡಿಯಿಲ್ಲದಿರುವಾಗ, ಗಾಡಿಯಲ್ಲೇ ಕೂತು ಬೇರೆಯವರ ಹೊಲದ ಹೇಂಟೆಯನ್ನು ಹೊಡೆಯುವುದಕ್ಕೆ ಹಸಿವಿನ ಹೆಸರು ಕೊಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಪೆಕ್ ರಾಂಚ್‌ನ ಅಂಚಿನ ರಸ್ತೆಯಲ್ಲಿ ಬಹಳ ಹೊತ್ತು ತಿರುಗಿದೆವು. ಇಪ್ಪತ್ತಮೂರು ಸಾವಿರ ಎಕರೆಯ ಆ ಕಾಡಿಗೆ 2011ರಲ್ಲಿ ಕೆಂಟಕಿಯಿಂದ ಎಲ್ಕ್ ಜಿಂಕೆಗಳನ್ನೂ ತಂದು ಬಿಟ್ಟಿದ್ದಾರೆ. ನಮಗೆ ಎಲ್ಕ್ ಕಾಣಲಿಲ್ಲ. ಟರ್ಕಿ ಕೆದಕಿದ ತರಗೆಲೆ ಮಾತ್ರ ದಾರಿಯುದ್ದಕ್ಕೂ ಕಾಣುತ್ತಿತ್ತು. ಮಧ್ಯಾಹ್ನ ವ್ಯಾನ್ ಬ್ಯೂರನ್‌ನಲ್ಲಿ ಕರಿದ ಕ್ಯಾಟ್‌ಫಿಶ್ ತಿಂದು ಬಿಗ್ ಸ್ಪ್ರಿಂಗ್‌ಗೆ ಹೋದೆವು. ದಿನಕ್ಕೆ ಸರಾಸರಿ 28 ಕೋಟಿ 60 ಲಕ್ಷ ಗ್ಯಾಲನ್ ನೀರು ಬಂಡೆಯ ಬುಡದಿಂದ ಕುದಿದ ಹಾಗೆ ಉಕ್ಕುತ್ತದೆ. ಆ ನೀರು ಹತ್ತಾರು ಮೈಲಿ ದೂರದ ಗುಡ್ಡಗಳಲ್ಲಿ ಇಂಗಿ, ನೆಲದೊಳಗೇ ಹರಿದು ಬಂದದ್ದು. 1964ರಲ್ಲಿ ಈ ಹೊಳೆಗಳನ್ನು ರಾಷ್ಟ್ರೀಯ ರಕ್ಷಿತ ಪ್ರದೇಶ ಮಾಡದೇ ಇದ್ದಿದ್ದರೆ ಅಣೆಕಟ್ಟು ಬರುತ್ತಿತ್ತಂತೆ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ, ನೀರಿನ ಮೇಲೆ ಮಂಜೂ ಸಿಗುತ್ತದೆ.

ಗುರುವಾರ: ವಾಪಸು

ಹೊರಡುವ ಬೆಳಿಗ್ಗೆ ಯಜಮಾನರು ಕೋವಿ ತೆಗೆಯಲಿಲ್ಲ. ಏಜೆಂಟ್ ಬರುತ್ತೇನೆಂದಿದ್ದರು. ನಾವು ಸಾಮಾನು ತುಂಬುವಷ್ಟರಲ್ಲಿ ಬಂದು, ಬೊಂಬೆಯನ್ನು ತೆಗೆದುಕೊಂಡು, ನಮ್ಮ ಹೇಳಿಕೆ ಬರೆದು ಕೊಡಲಾಗುತ್ತದೆಯೇ ಎಂದು ಕೇಳಿದರು. ಹೆಸರಿಲ್ಲದ ಕರೆಯಿಂದ ತನಿಖೆ ಶುರುವಾಗುತ್ತದೆ, ನ್ಯಾಯಾಲಯಕ್ಕೆ ಹೋಗಬೇಕಾದರೆ ಹೆಸರಿರುವ ಸಾಕ್ಷಿ ಬೇಕು. ಬಲವಂತವಿಲ್ಲ ಎಂದೂ ಹೇಳಿದರು. ಯಾರ ಮೇಲೆ ಅನುಮಾನ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಮ್ಮ ಪೆನ್ನು ತೆಗೆದುಕೊಂಡು ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಮೊದಲಿಗೇ ತನ್ನ ಪೂರ್ತಿ ಹೆಸರು, ವಿಳಾಸ ಬರೆದ. ಎಮಿನೆನ್ಸ್‌ನ ಕೋರ್ಟಿಗೆ ಕರೆದರೆ ಬರುತ್ತೀರಾ ಎಂದು ಏಜೆಂಟ್ ಕೇಳಿದ್ದಕ್ಕೆ, "ಮೂರು ಗಂಟೆ ದಾರಿ ಅಷ್ಟೇ, ಬರ್ತೀನಿ" ಎಂದ. ಯಜಮಾನರ ಹೆಂಡತಿ ನಮ್ಮ ಹಿಂದೆಯೇ ನಿಂತಿದ್ದರು. ನನಗೂ ಒಂದು ಹಾಳೆ ಕೊಡಿ, ಹೋದ ವರ್ಷದ್ದನ್ನು ಬರೆಯುತ್ತೇನೆ ಎಂದರು.

ನಾನು ಊರಿಗೆ ಬಂದ ಮೇಲೆ ಏಜೆಂಟಿನಿಂದ ಒಂದು ಇಮೇಲ್ ಬಂದಿದೆ, ಈಡು ಕೇಳಿದ್ದಕ್ಕೂ ಎರಡನೆಯ ಸಲ ಬಾಗಿಲು ಬಡಿದದ್ದಕ್ಕೂ ನಡುವೆ ಎಷ್ಟು ಹೊತ್ತಾಗಿತ್ತು ಎಂದು ಕೇಳಿ. ಎರಡು ನಿಮಿಷದೊಳಗೆ ಎಂದು ಉತ್ತರ ಕಳಿಸಿದ್ದೇನೆ. ಬೂದು ಗಾಡಿ ಕಂಡದ್ದು, ಈಡು ಕೇಳಿದ್ದು, ತೋಟಾ ಮತ್ತು ಪುಕ್ಕ ಬಿದ್ದಿದ್ದು ಇಷ್ಟೇ ನನ್ನ ಹೇಳಿಕೆಯಲ್ಲಿದೆ. ಹೊಡೆದದ್ದನ್ನು ನಾನು ಕಂಡಿಲ್ಲ, ಕಂಡೆ ಎಂದು ಬರೆದೂ ಇಲ್ಲ.